ಪೇಟೆಂಟು ಎಂದರೇನು, ಅದು ಯಾರಿಗೆ?

ಸಂಜೆ ಆರರ ಮೇಲೆ ನಮ್ಮ ವಾಚನಾಲಯಕ್ಕೆ ಬರುವವರಲ್ಲಿ ಗುಮಾಸ್ತರು ಎಷ್ಟೋ ಕಾರ್ಖಾನೆಗಳ ಕೆಲಸಗಾರರೂ ಅಷ್ಟೇ. ಅಂಬತ್ತೂರಿನಲ್ಲಿ ದಿನವಿಡೀ ಲೇತಿನ ಮುಂದೆ ನಿಂತವರು, ಹೋಟೆಲಿನ ಅಡಿಗೆಮನೆಯ ಹಬೆಯಲ್ಲಿ ಬೆಂದವರು, ಮೋಟಾರು ರಿಪೇರಿ ಮಾಡುವವರು, ಎಲ್ಲರೂ ಊರಿನ ಸುದ್ದಿಗಾಗಿ ಕನ್ನಡ ಪತ್ರಿಕೆಗಳ ಪುಟ ತಿರುವುತ್ತಾರೆ. ಅವರು ತಮ್ಮೊಳಗೆ ಆಡಿಕೊಳ್ಳುವ ಮಾತಿಗೆ ಸ್ವಲ್ಪ ಕಿವಿಗೊಟ್ಟರೆ ಒಂದು ಮಾತು ಮತ್ತೆ ಮತ್ತೆ ಕೇಳಿಬರುತ್ತದೆ. “ಆ ಯಂತ್ರಕ್ಕೆ ಇಲ್ಲೊಂದು ಕೀಲು ಇಟ್ಟಿದ್ದರೆ ಅರ್ಧ ಕೆಲಸ ಉಳಿಯುತ್ತಿತ್ತು” ಎಂಬ ಮಾತು ಅದು. ಯಂತ್ರದೊಡನೆ ಬಾಳುವವನಿಗೆ ಯಂತ್ರದ ಕುಂದು ತಿಳಿದಷ್ಟು ಅದನ್ನು ಮಾರುವವನಿಗೆ ತಿಳಿಯುವುದಿಲ್ಲ. ಆದರೆ ಆ ತಿಳಿವಳಿಕೆ ಚಹಾ ಕುಡಿಯುವಷ್ಟು ಹೊತ್ತು ಮಾತಾಗಿದ್ದು ಮರೆಯಾಗುತ್ತದೆ; ಇಲ್ಲವೆ ಯಾರದೋ ಪಾಲಾಗುತ್ತದೆ.

ಈ ಲೇಖನವನ್ನು ಬರೆಯಲು ನಮಗೊಂದು ಹಳೆಯ ಋಣವೂ ಇದೆ. ಅದನ್ನು ಮೊದಲು ಹೇಳಿಬಿಡುತ್ತೇವೆ.

ಎಷ್ಟೋ ವರ್ಷಗಳ ಹಿಂದೆ ಈ ಊರಿನಲ್ಲಿ ನಾವು ಒಂದು ಸಣ್ಣ ಸಂಸ್ಥೆಯಲ್ಲಿ ಲೆಕ್ಕ ಬರೆಯುತ್ತಿದ್ದಾಗ, ಕುಂದಾಪುರದ ಕಡೆಯ ಸ್ನೇಹಿತರೊಬ್ಬರು ನಮ್ಮ ಕೋಣೆಯಲ್ಲೇ ಇದ್ದರು. ಅವರು ಹೋಟೆಲೊಂದರಲ್ಲಿ ದೋಸೆ ಹಿಟ್ಟು ರುಬ್ಬುವ ಕೆಲಸದವರು. ಒಂದು ಬೆಳಗಿನ ಜಾವ ಅವರ ಜೊತೆಯ ಹುಡುಗನೊಬ್ಬ ಕಲ್ಲು ತಿರುಗುತ್ತಿರುವಾಗಲೇ ಹಿಟ್ಟು ಒತ್ತರಿಸಲು ಕೈಹಾಕಿ ಎರಡು ಬೆರಳು ಜಜ್ಜಿಕೊಂಡ. ಅಂದಿನಿಂದ ನಮ್ಮ ಸ್ನೇಹಿತರಿಗೆ ಅದೇ ಧ್ಯಾನ. ಗುಜರಿಯಿಂದ ಒಂದು ಸ್ವಿಚ್ಚು, ಸೈಕಲ್ಲಿನ ಒಂದು ಸ್ಪ್ರಿಂಗು ತಂದು, ಮೂರು ತಿಂಗಳು ತಿಣುಕಿ, ಮುಚ್ಚಳ ಎತ್ತಿದೊಡನೆ ಮೋಟಾರು ತಾನಾಗಿ ನಿಲ್ಲುವಂತೆ ಮಾಡಿದರು. ಒಂದು ರಾತ್ರಿ ಕೇಳಿದರು: “ರಾಯ್ರೇ, ನೀವ್ ಓದ್ದವ್ರ್. ಇದಕ್ಕೆ ಪೇಟೆಂಟ್ ಅಂಬ್ರಲ್ದಾ, ಅದ್ ಮಾಡ್ಸುಕ್ ಆತ್ತಾ?”

“ಕೇಳಿ ಹೇಳುತ್ತೇವೆ” ಎಂದೆವು. ಕೇಳಲಿಲ್ಲ. ಈ ನಡುವೆ ಅವರು ಅದನ್ನು ಒಂದು ಪ್ರದರ್ಶನದಲ್ಲಿ ನಾಲ್ಕು ದಿನ ಎಲ್ಲರಿಗೂ ತೋರಿಸಿದರು. ಕೇಳಿದವರಿಗೆಲ್ಲ ಬಿಚ್ಚಿ ವಿವರಿಸಿದರು. ಒಬ್ಬಾತ ಅಳತೆಯನ್ನೂ ಬರೆದುಕೊಂಡನಂತೆ. ಒಂದೂವರೆ ವರ್ಷದಲ್ಲಿ ಅದೇ ಬಗೆಯ ಮುಚ್ಚಳವಿದ್ದ ಯಂತ್ರಗಳು ಅಂಗಡಿಗೆ ಬಂದವು. ಸ್ನೇಹಿತರು ನಮ್ಮನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ನಮಗೆ ಇಷ್ಟು ನೋಯುತ್ತಿರಲಿಲ್ಲ. ಅಂದು ಕೇಳಿ ಹೇಳಬೇಕಾಗಿದ್ದುದನ್ನು ಈಗ ಬರೆದು ಹೇಳುತ್ತಿದ್ದೇವೆ.

ಕೊಟ್ಟು ಕೊಳ್ಳುವ ಕರಾರು

ಪೇಟೆಂಟು ಬಹುಮಾನವಲ್ಲ, ಬಿರುದಲ್ಲ. ಅದು ಸರ್ಕಾರಕ್ಕೂ ಹೊಸದನ್ನು ಕಂಡುಹಿಡಿದವನಿಗೂ ನಡೆಯುವ ಒಂದು ಕರಾರು. “ನಿನ್ನ ಗುಟ್ಟನ್ನು ಮುಚ್ಚುಮರೆಯಿಲ್ಲದೆ, ಆ ಕಸುಬು ಬಲ್ಲ ಇನ್ನೊಬ್ಬ ಓದಿ ಮಾಡುವ ಹಾಗೆ ಬರೆದುಕೊಡು. ಅದಕ್ಕೆ ಪ್ರತಿಯಾಗಿ ಇಷ್ಟು ವರ್ಷ ನಿನ್ನ ಅನುಮತಿಯಿಲ್ಲದೆ ಅದನ್ನು ಬೇರೆ ಯಾರೂ ಮಾಡದಂತೆ, ಮಾರದಂತೆ ತಡೆಯುವ ಹಕ್ಕನ್ನು ನಿನಗೆ ಕೊಡುತ್ತೇವೆ” ಎನ್ನುತ್ತದೆ ಸರ್ಕಾರ. ಅವಧಿ ಮುಗಿದ ಮೇಲೆ ಅದು ಎಲ್ಲರ ಸೊತ್ತು. ಪೇಟೆಂಟು ಎಂಬ ಮಾತು ಲ್ಯಾಟಿನ್ ಮೂಲದ್ದು. ಅದರ ಅರ್ಥವೇ ‘ತೆರೆದಿಟ್ಟದ್ದು’ ಎಂದು. ಬಹಳ ಜನ ಪೇಟೆಂಟು ಎಂದರೆ ಗುಟ್ಟು ಕಾಯುವ ಬೀಗವೆಂದು ತಿಳಿದಿದ್ದಾರೆ. ಅದು ತಲೆಕೆಳಗಾದ ತಿಳಿವಳಿಕೆ.

ನಮ್ಮ ನಾಡಿನಲ್ಲಿ ಗುಟ್ಟು ಕಾಯುವ ಸಂಪ್ರದಾಯವೇ ಹೆಚ್ಚು. ನಾಟಿವೈದ್ಯನ ಮದ್ದು, ಕಂಚುಗಾರನ ಬೆರಕೆಯ ಅಳತೆ, ಬಣ್ಣ ಹಾಕುವವನ ಪಾಕ, ಇವೆಲ್ಲ ತಂದೆಯಿಂದ ಮಗನಿಗೆ, ಬಾಯಿಂದ ಕಿವಿಗೆ. ಮಗನಿಲ್ಲದಿದ್ದರೆ ವಿದ್ಯೆಯೂ ಚಿತೆಯೇರಿತು. ಹೀಗೆ ಕಳೆದುಹೋದದ್ದಕ್ಕೆ ಲೆಕ್ಕವಿಟ್ಟವರಿಲ್ಲ. ಪೇಟೆಂಟಿನ ಕರಾರು ಹುಟ್ಟಿದ್ದು ಈ ನಷ್ಟವನ್ನು ತಪ್ಪಿಸಲಿಕ್ಕೆ.

ಭಾರತದಲ್ಲಿ ಇದಕ್ಕೆ ಮೊದಲ ಕಾನೂನು ಬಂದದ್ದು 1856ರಲ್ಲಿ. ಆ ವರ್ಷದ ಮಾರ್ಚ್ 3ರಂದು ಕಲ್ಕತ್ತೆಯ ಜಾರ್ಜ್ ಆಲ್ಫ್ರೆಡ್ ಡಿಪೆನ್ನಿಂಗ್ ಎಂಬ ಸಿವಿಲ್ ಎಂಜಿನಿಯರು ಮೊದಲ ಅರ್ಜಿ ಕೊಟ್ಟರು. ಸೆಪ್ಟೆಂಬರಿನಲ್ಲಿ ನಕ್ಷೆಗಳೊಡನೆ ಪೂರ್ಣ ವಿವರ ಸಲ್ಲಿಸಿದರು. ಅವರು ಕಂಡುಹಿಡಿದದ್ದೇನು ಗೊತ್ತೆ? ಪಂಖಾ ಎಳೆಯುವ ಯಂತ್ರ! ವಿದ್ಯುತ್ತಿನ ಫ್ಯಾನು ಇಲ್ಲದ ಕಾಲ. ಸಾಹೇಬರ ತಲೆಯ ಮೇಲೆ ತೂಗುಬಿಟ್ಟ ಬಟ್ಟೆಯ ಪಂಖಾವನ್ನು ಹೊರಗೆ ಜಗಲಿಯಲ್ಲಿ ಕುಳಿತ ಬಡವನೊಬ್ಬ ಹಗ್ಗ ಹಿಡಿದು ಹಗಲೂ ರಾತ್ರಿ ಎಳೆಯುತ್ತಿದ್ದ. ನಮ್ಮ ದೇಶದ ಮೊದಲ ಪೇಟೆಂಟು ಒಬ್ಬ ಕೂಲಿಯವನ ಕೈಯ ಕೆಲಸವನ್ನು ಕುರಿತದ್ದು. ಅವನ ಸೋತ ತೋಳಿಗೆ ಅದು ಬಿಡುಗಡೆಯೋ ಅವನ ಅನ್ನಕ್ಕೆ ಕುತ್ತೋ ಎಂಬ ಪ್ರಶ್ನೆಯೂ ಅದರೊಡನೆಯೇ ಹುಟ್ಟಿತು. ಅದು ಇಂದಿಗೂ ತೀರಿಲ್ಲ.

ಅಂದು ಆ ಹಕ್ಕಿನ ಅವಧಿ 14 ವರ್ಷ. ಮುಂದೆ 1911ರ ಕಾನೂನು ಬಂದಿತು. ಸ್ವಾತಂತ್ರ್ಯ ಬಂದ ಮೇಲೆ, ವಿದೇಶಿ ಕಂಪನಿಗಳೇ ಇಲ್ಲಿ ಹೆಚ್ಚು ಪೇಟೆಂಟು ಹಿಡಿದು ಕೂತಿವೆ, ನಮ್ಮವರಿಗೆ ಏನು ಪ್ರಯೋಜನ ಎಂಬ ಪ್ರಶ್ನೆ ಎದ್ದಿತು. ಮದರಾಸು ಹೈಕೋರ್ಟಿನಲ್ಲಿ ನ್ಯಾಯಾಧೀಶರಾಗಿದ್ದ ಎನ್. ರಾಜಗೋಪಾಲ ಅಯ್ಯಂಗಾರರು ಇದನ್ನು ಪರಿಶೀಲಿಸಿ 1959ರಲ್ಲಿ ವರದಿ ಕೊಟ್ಟರು. ಅದರ ತಳಹದಿಯ ಮೇಲೆ 1970ರ ಪೇಟೆಂಟು ಕಾನೂನು ರೂಪುಗೊಂಡು 1972ರ ಏಪ್ರಿಲ್ 20ರಂದು ಜಾರಿಗೆ ಬಂದಿತು. ಹಲವು ತಿದ್ದುಪಡಿಗಳೊಡನೆ ಇಂದು ನಡೆಯುತ್ತಿರುವುದು ಅದೇ. ಈಗಿನ ಅವಧಿ ಅರ್ಜಿ ಸಲ್ಲಿಸಿದ ದಿನದಿಂದ 20 ವರ್ಷ.

ಯಾವುದಕ್ಕೆ ಸಿಗುತ್ತದೆ?

ಮೂರು ಪರೀಕ್ಷೆಗಳಿವೆ. ಒಂದು, ವಸ್ತು ಅಥವಾ ವಿಧಾನ ಹೊಸದಾಗಿರಬೇಕು. ಅರ್ಜಿಗೆ ಮೊದಲು ಪ್ರಪಂಚದಲ್ಲಿ ಎಲ್ಲಿಯೂ ಅದು ಅಚ್ಚಾಗಿ ಬಹಿರಂಗವಾಗಿರಬಾರದು, ಇಲ್ಲಿ ಬಳಕೆಯಲ್ಲೂ ಇರಬಾರದು. ಎರಡು, ಹೊಸದಾದರೆ ಸಾಲದು, ಆ ಕಸುಬು ಬಲ್ಲವನಿಗೆ ತಾನಾಗಿಯೇ ಹೊಳೆಯುವಂಥದ್ದಾಗಿರಬಾರದು; ಒಂದು ಹೆಜ್ಜೆ ಮುಂದಿರಬೇಕು. ಮೂರು, ಅದನ್ನು ಉದ್ಯಮದಲ್ಲಿ ತಯಾರಿಸಲು ಅಥವಾ ಬಳಸಲು ಆಗಬೇಕು.

ಕೆಲವಕ್ಕೆ ಕಾನೂನು ಬಾಗಿಲನ್ನೇ ಮುಚ್ಚಿದೆ. ಇಂಧನವಿಲ್ಲದೆ ಎಂದೆಂದಿಗೂ ತಿರುಗುವ ಚಕ್ರದಂತಹ, ಪ್ರಕೃತಿನಿಯಮಕ್ಕೆ ವಿರುದ್ಧವಾದ ಯಂತ್ರಕ್ಕೆ ಪೇಟೆಂಟು ಇಲ್ಲ. ಬೇಸಾಯದ ವಿಧಾನಕ್ಕೆ ಇಲ್ಲ. ತಲೆತಲಾಂತರದಿಂದ ಬಂದ ತಿಳಿವಳಿಕೆಗೆ ಇಲ್ಲ. ಮೊದಲೇ ಇದ್ದ ಎರಡು ಉಪಕರಣಗಳನ್ನು ಪಕ್ಕಪಕ್ಕ ಜೋಡಿಸಿ, ಅವು ತಮ್ಮ ಪಾಡಿಗೆ ತಾವು ಮೊದಲಿನ ಕೆಲಸವನ್ನೇ ಮಾಡುತ್ತಿದ್ದರೆ ಅದಕ್ಕೂ ಇಲ್ಲ. ಛತ್ರಿಯ ಹಿಡಿಗೆ ಬ್ಯಾಟರಿ ದೀಪ ಕಟ್ಟಿದರೆ ಮಳೆಗೂ ಕತ್ತಲೆಗೂ ಒದಗೀತು. ಆದರೆ ಛತ್ರಿ ಛತ್ರಿಯೇ, ದೀಪ ದೀಪವೇ.

ಇನ್ನೊಂದು ಗೊಂದಲವನ್ನೂ ಬಿಡಿಸಬೇಕು. ಹೋಟೆಲಿನ ಹೆಸರನ್ನು ಕಾಯುವುದು ಟ್ರೇಡ್‌ಮಾರ್ಕು. ಹಾಡು, ಕಥೆ, ಚಿತ್ರಗಳನ್ನು ಕಾಯುವುದು ಕೃತಿಸ್ವಾಮ್ಯ. ಪದಾರ್ಥದ ಹೊರ ಆಕಾರ, ಅಂದಗಳನ್ನು ಕಾಯುವುದು ಡಿಸೈನ್ ನೋಂದಣಿ. ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂಬ ಹೂರಣಕ್ಕೆ ಮಾತ್ರ ಪೇಟೆಂಟು.

ಎರಡನೆಯ ಪರೀಕ್ಷೆಯೇ ನಮ್ಮಂಥವರಿಗೆ ಕಷ್ಟದ್ದು. ಅದಕ್ಕೆ ಸುಪ್ರೀಂ ಕೋರ್ಟಿನ ಒಂದು ತೀರ್ಪನ್ನು ನೋಡೋಣ. ಲೇತಿನ ಕೆಲಸ ಬಲ್ಲವರಿಗೆ ಇದು ಕೂಡಲೇ ತಿಳಿಯುತ್ತದೆ. ಉತ್ತರ ಪ್ರದೇಶದ ಮಿರ್ಜಾಪುರ ಹಿತ್ತಾಳೆ ಪಾತ್ರೆಗಳಿಗೆ ಹೆಸರಾದ ಊರು. ಪಾತ್ರೆಯನ್ನು ಲೇತಿಗೆ ಕೂರಿಸಿ ಕೆರೆದು ಹೊಳಪು ಕೊಡುವಾಗ ಅದು ಕಳಚಿ ಹಾರಿ ಕೆಲಸಗಾರನಿಗೆ ಬಡಿಯುವ ಅಪಾಯವಿತ್ತು. ಹಿಂದೂಸ್ಥಾನ್ ಮೆಟಲ್ ಇಂಡಸ್ಟ್ರೀಸ್ ಎಂಬ ಸಂಸ್ಥೆ, ಲೇತಿನ ಹಿಂದುಗಡೆಯ ಟೇಲ್‌ಸ್ಟಾಕಿನಿಂದ ಚೂಪು ತುದಿಯ ಒಂದು ಸ್ಪಿಂಡಲ್ಲು ಮುಂದೆ ಬಂದು ಪಾತ್ರೆಯನ್ನು ಒತ್ತಿ ಹಿಡಿಯುವಂತೆ ಮಾಡಿ 1951ರ ಅರ್ಜಿಯ ಮೇಲೆ ಪೇಟೆಂಟು ಪಡೆಯಿತು. ಅದೇ ಊರಿನ ಇನ್ನೊಂದು ಸಂಸ್ಥೆ ಅದನ್ನು ಬಳಸಿದಾಗ ಮೊಕದ್ದಮೆ ಹೂಡಿತು. ವ್ಯಾಜ್ಯ ಅಲಹಾಬಾದಿನಿಂದ ದೆಹಲಿಗೆ ಹೋಗಿ 1978ರ ಡಿಸೆಂಬರಿನಲ್ಲಿ ತೀರ್ಮಾನವಾಯಿತು. ಟೇಲ್‌ಸ್ಟಾಕಿನ ಚೂಪು ತುದಿಯಿಂದ ವಸ್ತುವನ್ನು ಒತ್ತಿ ಹಿಡಿಯುವುದು ಲೇತು ಬಲ್ಲವರಿಗೆಲ್ಲ ಮೊದಲೇ ಗೊತ್ತಿದ್ದುದು. ಪಾತ್ರೆಗೆ ಅದನ್ನೇ ಬಳಸಿದ್ದು ಕಾರ್ಖಾನೆಯ ನಿತ್ಯದ ಜಾಣತನವೇ ಹೊರತು ಪೇಟೆಂಟಿಗೆ ತಕ್ಕ ಆವಿಷ್ಕಾರವಲ್ಲ ಎಂದಿತು ನ್ಯಾಯಾಲಯ. ಪೇಟೆಂಟು ರದ್ದಾಯಿತು.

ಹಾಗೆಂದರೆ ಕೆಲಸಗಾರನ ಜಾಣತನಕ್ಕೆ ಬೆಲೆಯಿಲ್ಲವೆ? ಬೆಲೆ ಇದೆ. ಆದರೆ ಅದಕ್ಕೆ ಏಕಸ್ವಾಮ್ಯವಿಲ್ಲ. ಪ್ರತಿಯೊಂದು ಸಣ್ಣ ಅನುಕೂಲಕ್ಕೂ ಒಬ್ಬೊಬ್ಬ ಒಡೆಯನಿದ್ದರೆ ಯಾವ ಫಿಟ್ಟರೂ ತನ್ನ ಲೇತನ್ನು ಮುಟ್ಟುವಂತಿರುವುದಿಲ್ಲ. ಇದು ನಮಗೆ ತಡೆಯೂ ಹೌದು, ಕಾವಲೂ ಹೌದು.

ಗಿಂಡಿಗೆ ಹೋಗುವ ದಾರಿ

ಊರಿನಲ್ಲಿ ಗಿಂಡಿ ಎಂದರೆ ನಮಗೆ ನೀರಿನ ಪಾತ್ರೆ. ಚೆನ್ನೈಯಲ್ಲಿ ಗಿಂಡಿ ಎಂದರೆ, ಉಳಿದುದರ ಜೊತೆಗೆ, ಪೇಟೆಂಟು ಕಚೇರಿ. ಕಲ್ಕತ್ತೆಯಲ್ಲಿ ಮುಖ್ಯ ಕಚೇರಿ, ದೆಹಲಿ, ಮುಂಬಯಿ, ಚೆನ್ನೈಗಳಲ್ಲಿ ಶಾಖೆಗಳು. ಜಿ.ಎಸ್.ಟಿ. ರಸ್ತೆಯ ಈ ಕಚೇರಿಯ ವ್ಯಾಪ್ತಿಗೆ ತಮಿಳುನಾಡು, ಕರ್ನಾಟಕ, ಕೇರಳ, ಆಂಧ್ರ, ತೆಲಂಗಾಣ, ಪುದುಚೇರಿ, ಲಕ್ಷದ್ವೀಪಗಳು ಸೇರುತ್ತವೆ. ಬೆಂಗಳೂರಿನ ವಿಜ್ಞಾನಿಯ ಅರ್ಜಿಯೂ ಬೀದರಿನ ಬಡಗಿಯ ಅರ್ಜಿಯೂ ಬರಬೇಕಾದದ್ದು ನಮ್ಮ ಈ ಊರಿಗೇ. ಮೈಸೂರು ರೇಷ್ಮೆ, ನಂಜನಗೂಡಿನ ರಸಬಾಳೆ, ಉಡುಪಿ ಮಲ್ಲಿಗೆ ಮೊದಲಾದ ಊರಿನ ಹೆಸರುಗಳನ್ನು ನೋಂದಾಯಿಸಿರುವ ಭೌಗೋಳಿಕ ಸೂಚಕಗಳ ಕಚೇರಿಯೂ ಅದೇ ಕಟ್ಟಡದಲ್ಲಿದೆ.

ಈಗ ಕ್ರಮವನ್ನು ನೋಡೋಣ. ಯಂತ್ರ ಪೂರ್ತಿಯಾಗುವ ತನಕ ಕಾಯಬೇಕಾಗಿಲ್ಲ. ಕಲ್ಪನೆ ಸ್ಪಷ್ಟವಾಗಿದ್ದರೆ ‘ತಾತ್ಕಾಲಿಕ ವಿವರಣೆ’ಯೊಂದನ್ನು ಸಲ್ಲಿಸಿ ದಿನಾಂಕ ಹಿಡಿಯಬಹುದು. ಅಂದಿನಿಂದ 12 ತಿಂಗಳೊಳಗೆ ಪೂರ್ಣ ವಿವರಣೆ ಕೊಡಬೇಕು. ತಪ್ಪಿದರೆ ಅರ್ಜಿ ಬಿದ್ದುಹೋಗುತ್ತದೆ. ಪೂರ್ಣ ವಿವರಣೆಯಲ್ಲಿ ಯಂತ್ರದ ರಚನೆ, ಕೆಲಸ ಮಾಡುವ ಬಗೆ, ನಕ್ಷೆ, ಕೊನೆಯಲ್ಲಿ ‘ಕ್ಲೇಮು’ಗಳು ಇರುತ್ತವೆ. ಕ್ಲೇಮು ಎಂದರೆ ಹೊಲದ ಚಕ್ಕುಬಂದಿಯಂತೆ. ಪೂರ್ವಕ್ಕೆ ಇದು, ಪಶ್ಚಿಮಕ್ಕೆ ಅದು ಎಂದು ಪತ್ರದಲ್ಲಿ ಬರೆದಷ್ಟೇ ನಮ್ಮ ಹೊಲ. ಕ್ಲೇಮಿನಲ್ಲಿ ಬರೆಯದ್ದು ನಮ್ಮದಲ್ಲ. ಅರ್ಜಿ ಇಂಗ್ಲಿಷಿನಲ್ಲಿ ಅಥವಾ ಹಿಂದಿಯಲ್ಲಿ ಇರಬೇಕು. ಕನ್ನಡದಲ್ಲಿ ಕೊಡಲು ಅವಕಾಶವಿಲ್ಲ ಎಂಬುದು ನಮ್ಮಂಥವರಿಗೆ ಮೊದಲ ಎಡವು.

ಸಾಮಾನ್ಯವಾಗಿ 18 ತಿಂಗಳ ಮೇಲೆ ಅರ್ಜಿ ಪೇಟೆಂಟು ಪತ್ರಿಕೆಯಲ್ಲಿ ಪ್ರಕಟವಾಗಿ ಲೋಕಕ್ಕೆಲ್ಲ ತಿಳಿಯುತ್ತದೆ. ಆದರೆ ಅರ್ಜಿ ಕೊಟ್ಟ ಮಾತ್ರಕ್ಕೆ ಪರಿಶೀಲನೆ ನಡೆಯುವುದಿಲ್ಲ. ಪರಿಶೀಲಿಸಿರೆಂದು ಬೇರೆ ಕೋರಿಕೆ ಕೊಡಬೇಕು. 2024ರ ನಿಯಮಗಳಂತೆ ಅದಕ್ಕೆ 31 ತಿಂಗಳ ಗಡುವು. ಪರೀಕ್ಷಕರು ಹಳೆಯ ಕಾಗದಗಳನ್ನೆಲ್ಲ ಹುಡುಕಿ ಆಕ್ಷೇಪಣೆ ಬರೆದು ಕಳಿಸುತ್ತಾರೆ. ಅದನ್ನು ಕಂಡು ಎದೆಗುಂದಬಾರದು. ಆಕ್ಷೇಪಣೆ ಬಾರದ ಅರ್ಜಿ ಅಪರೂಪ. ಆರು ತಿಂಗಳೊಳಗೆ ಸಮಾಧಾನ ಬರೆಯಬೇಕು. ಪೇಟೆಂಟು ಸಿಗುವ ಮೊದಲು ಯಾರು ಬೇಕಾದರೂ ತಕರಾರು ಸಲ್ಲಿಸಬಹುದು; ಸಿಕ್ಕ ಮೇಲೂ ಸಂಬಂಧಪಟ್ಟವರಿಗೆ ಒಂದು ವರ್ಷ ಅವಕಾಶವಿದೆ.

ಖರ್ಚೆಷ್ಟು? ಒಬ್ಬ ವ್ಯಕ್ತಿ ಕಂಪ್ಯೂಟರಿನ ಮೂಲಕ ಸಲ್ಲಿಸುವ ಅರ್ಜಿಗೆ 1600 ರೂಪಾಯಿ. ದೊಡ್ಡ ಕಂಪನಿಗೆ 8000. ಪರಿಶೀಲನೆಯ ಕೋರಿಕೆಗೆ ವ್ಯಕ್ತಿಗೆ 4000, ದೊಡ್ಡ ಕಂಪನಿಗೆ 20,000. ಪೇಟೆಂಟು ಸಿಕ್ಕ ಮೇಲೆ ಮೂರನೆಯ ವರ್ಷದಿಂದ ವರ್ಷ ವರ್ಷ ನವೀಕರಣದ ಶುಲ್ಕ ಕಟ್ಟಬೇಕು. ವ್ಯಕ್ತಿಗೆ ಅದು 800 ರೂಪಾಯಿಯಿಂದ ಆರಂಭವಾಗಿ ಕೊನೆಯ ವರ್ಷಗಳಲ್ಲಿ 8000ಕ್ಕೆ ಏರುತ್ತದೆ. ಕಟ್ಟದಿದ್ದರೆ ಹಕ್ಕು ನಿಂತುಹೋಗುತ್ತದೆ. ಸರ್ಕಾರದ ಶುಲ್ಕಕ್ಕಿಂತ ದೊಡ್ಡ ಖರ್ಚು ಅರ್ಜಿ ಬರೆಯುವ ಪೇಟೆಂಟು ಏಜೆಂಟರದು. ಏಜೆಂಟರಿಲ್ಲದೆ ತಾನೇ ಸಲ್ಲಿಸಲು ಕಾನೂನಿನ ಅಡ್ಡಿಯಿಲ್ಲ. ಆದರೆ ಕ್ಲೇಮು ಬರೆಯುವುದು ಪಳಗಿದ ಕೈಯ ಕೆಲಸ. ಓದು ಹೆಚ್ಚಿಲ್ಲದ ಹಳ್ಳಿಯ ಕುಶಲಿಗಳಿಗೆ ನೆರವಾಗಲೆಂದೇ ಅಹಮದಾಬಾದಿನ ಕಡೆ ರಾಷ್ಟ್ರೀಯ ನಾವೀನ್ಯ ಪ್ರತಿಷ್ಠಾನವಿದೆ. 2000ದಲ್ಲಿ ಸ್ಥಾಪನೆಯಾದ ಅದು ಅಂಥವರ ಪರವಾಗಿ ಅರ್ಜಿಗಳನ್ನು ಸಲ್ಲಿಸಿದೆ. ‘ಪೇಟೆಂಟು ಗ್ಯಾರಂಟಿ’ ಎಂದು ಹಣ ಕೇಳುವವನನ್ನು ಮಾತ್ರ ದೂರವಿಡಿ. ಪರಿಶೀಲನೆಗೆ ಮೊದಲು ಆ ಗ್ಯಾರಂಟಿಯನ್ನು ಯಾರೂ ಕೊಡಲಾರರು.

ಎಲ್ಲಕ್ಕಿಂತ ಮುಖ್ಯವಾದುದು ಇದು: ಅರ್ಜಿಗೆ ಮೊದಲು ಪ್ರದರ್ಶಿಸಬೇಡಿ, ಅಚ್ಚು ಹಾಕಿಸಬೇಡಿ, ಮಾರಬೇಡಿ. ಸರ್ಕಾರ ಗೆಜೆಟ್ಟಿನಲ್ಲಿ ಹೆಸರಿಸಿದ ಪ್ರದರ್ಶನದಲ್ಲಿ ತೋರಿಸಿದ್ದರೆ 12 ತಿಂಗಳ ರಿಯಾಯಿತಿ ಉಂಟು. ಎಲ್ಲ ಪ್ರದರ್ಶನಗಳಿಗೂ ಇಲ್ಲ. ನಮ್ಮ ಕುಂದಾಪುರದ ಸ್ನೇಹಿತರು ಹೆಮ್ಮೆಯಿಂದ ಬಿಚ್ಚಿ ತೋರಿಸಿದ ಆ ನಾಲ್ಕು ದಿನಗಳೇ ಅವರ ಹಕ್ಕಿಗೆ ಮುಳುವಾಗಬಲ್ಲವಾಗಿದ್ದವು.

ಮಾಲಿಕನದೋ, ಕೆಲಸಗಾರನದೋ?

ವಾಚಕರಲ್ಲಿ ಹೆಚ್ಚಿನವರು ಸಂಬಳಕ್ಕೆ ದುಡಿಯುವವರು. ಕಾರ್ಖಾನೆಯ ಹೊತ್ತಿನಲ್ಲಿ, ಕಾರ್ಖಾನೆಯ ಸಾಮಾನಿನಿಂದ ಮಾಡಿದ್ದು ಯಾರದು? ಇದನ್ನು ನಮ್ಮ ಪೇಟೆಂಟು ಕಾನೂನು ನೇರವಾಗಿ ಹೇಳಿಲ್ಲ. ಕೆಲಸಕ್ಕೆ ಸೇರುವಾಗ ರುಜು ಹಾಕಿದ ಕರಾರೇ ಬಹುಮಟ್ಟಿಗೆ ತೀರ್ಮಾನಿಸುತ್ತದೆ. ನಾವು ಓದದೆ ರುಜು ಹಾಕುವ ಕಾಗದಗಳಲ್ಲಿ ಅದೂ ಒಂದು. ಆದರೆ ಒಂದನ್ನು ಕಾನೂನು ಬಿಟ್ಟುಕೊಟ್ಟಿಲ್ಲ. ಪೇಟೆಂಟು ಮಾಲಿಕನ ಹೆಸರಿನಲ್ಲಿದ್ದರೂ, ನಿಜವಾಗಿ ಕಂಡುಹಿಡಿದವನು ತನ್ನ ಹೆಸರನ್ನು ಆವಿಷ್ಕಾರಕನೆಂದು ದಾಖಲಿಸಿರೆಂದು ಕೇಳಬಹುದು. ಹಣ ಬಾರದಿದ್ದರೂ ಹೆಸರು ಉಳಿಯುತ್ತದೆ.

ಇಲ್ಲಿ ನಮ್ಮ ಸರ್. ಎಂ. ವಿಶ್ವೇಶ್ವರಯ್ಯನವರ ನೆನಪು ಬರುತ್ತದೆ. ಅವರು ಮುಂಬಯಿ ಸರ್ಕಾರದ ಎಂಜಿನಿಯರಾಗಿ ಪುಣೆಯಲ್ಲಿದ್ದಾಗ ಖಡಕ್‌ವಾಸ್ಲಾ ಜಲಾಶಯದಲ್ಲಿ ಪ್ರತಿ ಮಳೆಗಾಲ ಹೆಚ್ಚು ನೀರು ಹರಿದು ವ್ಯರ್ಥವಾಗುತ್ತಿತ್ತು. ಕಟ್ಟೆಯನ್ನೇ ಎತ್ತರಿಸುವುದು ದುಬಾರಿ, ಅಪಾಯಕರ. ಅವರು ಕೋಡಿಯ ಮೇಲೆ ತಾವಾಗಿ ತೆರೆದುಕೊಳ್ಳುವ ಬಾಗಿಲುಗಳನ್ನು ರೂಪಿಸಿದರು. ನೀರು ಗೊತ್ತಾದ ಮಟ್ಟಕ್ಕೆ ಏರುವವರೆಗೆ ಬಾಗಿಲು ಮುಚ್ಚಿರುತ್ತದೆ. ಮೀರಿದರೆ ಆ ನೀರಿನ ಬಲವೇ ಬಾಗಿಲನ್ನು ತೆರೆಸುತ್ತದೆ. ಇಳಿದರೆ ಮತ್ತೆ ಮುಚ್ಚುತ್ತದೆ. ಕಾವಲಿನವನೂ ಬೇಡ, ಎಂಜಿನ್ನೂ ಬೇಡ. ಕಟ್ಟೆಯನ್ನು ಎತ್ತರಿಸದೆಯೇ ಸುಮಾರು 8 ಅಡಿ ಹೆಚ್ಚು ನೀರು ನಿಂತಿತು. 1903ರ ಸುಮಾರಿನ ಈ ಬಾಗಿಲುಗಳಿಗೆ ಅವರು ಪೇಟೆಂಟು ಪಡೆದರು. ಆದರೆ ಸರ್ಕಾರದ ನೌಕರನಾಗಿದ್ದುಕೊಂಡು ಸರ್ಕಾರದ ಕೆಲಸಕ್ಕಾಗಿಯೇ ಕಂಡುಹಿಡಿದದ್ದಕ್ಕೆ ರಾಯಧನ ತೆಗೆದುಕೊಳ್ಳುವುದು ತರವಲ್ಲವೆಂದು ಅದನ್ನು ಬಿಟ್ಟುಕೊಟ್ಟರು.

ಎಲ್ಲರೂ ಅವರಂತೆ ಬಿಟ್ಟುಕೊಡಬೇಕೆಂದು ನಾವು ಹೇಳುವುದಿಲ್ಲ. ದೊಡ್ಡ ಹುದ್ದೆಯಲ್ಲಿದ್ದವರ ತ್ಯಾಗಕ್ಕೂ ದಿನಗೂಲಿಯವನ ಅಗತ್ಯಕ್ಕೂ ವ್ಯತ್ಯಾಸವಿದೆ. ನಾವು ಗಮನಿಸಬೇಕಾದದ್ದು ಬೇರೆ: ಅವರು ಬಿಟ್ಟದ್ದು ತಿಳಿದು ಬಿಟ್ಟದ್ದು. ನ್ಯೂಯಾರ್ಕಿನ ವಾಲ್ಟರ್ ಹಂಟ್ ಎಂಬಾತ 1849ರಲ್ಲಿ ಸೇಫ್ಟಿ ಪಿನ್ನಿಗೆ ಪೇಟೆಂಟು ಪಡೆದು, 15 ಡಾಲರಿನ ಸಾಲ ತೀರಿಸುವ ಒತ್ತಡದಲ್ಲಿ ಅದರ ಹಕ್ಕನ್ನೆಲ್ಲ 400 ಡಾಲರಿಗೆ ಮಾರಿದನೆಂದು ಹೇಳುತ್ತಾರೆ. ಇಂದು ಸೇಫ್ಟಿ ಪಿನ್ನಿಲ್ಲದ ಮನೆಯಿಲ್ಲ. ಪೇಟೆಂಟು ಕೈಗೆ ಬಂದರೂ ಅದು ತಾನಾಗಿ ಹಣವಾಗುವುದಿಲ್ಲ. ತಾನೇ ತಯಾರಿಸಬೇಕು, ಇಲ್ಲವೆ ಲೈಸೆನ್ಸು ಕೊಡಬೇಕು, ಇಲ್ಲವೆ ಮಾರಬೇಕು. ಹಸಿದವನ ಕೈಯಲ್ಲಿ ಅದು ಅಗ್ಗಕ್ಕೆ ಹೋಗುತ್ತದೆ.

ಎರಡು ಕಿಡಿಗಳ ಮೊಕದ್ದಮೆ

ಪೇಟೆಂಟನ್ನು ಪಡೆಯುವುದು ಒಂದಾದರೆ ಕಾಯುವುದು ಇನ್ನೊಂದು. ಅದಕ್ಕೆ ಚೆನ್ನೈಯಲ್ಲೇ ನಡೆದ ಪ್ರಸಿದ್ಧ ವ್ಯಾಜ್ಯ ಸಾಕ್ಷಿ. ಮೋಟಾರ್ ಸೈಕಲ್ಲಿನ ಸಿಲಿಂಡರಿನಲ್ಲಿ ಪೆಟ್ರೋಲು ಗಾಳಿಗಳ ಮಿಶ್ರಣಕ್ಕೆ ಸ್ಪಾರ್ಕ್ ಪ್ಲಗ್ಗು ಕಿಡಿ ಹಚ್ಚುತ್ತದೆ. ಕಿಡಿ ಒಂದೇ ಆದರೆ ಉರಿ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹರಡಬೇಕು. ಎರಡು ಕಡೆಯಿಂದ ಎರಡು ಕಿಡಿ ಹಾರಿಸಿದರೆ ಉರಿ ಬೇಗ ಹರಡಿ ಪೆಟ್ರೋಲು ಚೆನ್ನಾಗಿ ಸುಡುತ್ತದೆ. ಬಜಾಜ್ ಆಟೋ ಸಂಸ್ಥೆ 45ರಿಂದ 70 ಮಿಲಿಮೀಟರು ವ್ಯಾಸದ ಸಣ್ಣ ಎಂಜಿನ್ನುಗಳಲ್ಲಿ ಈ ಏರ್ಪಾಡಿಗೆ 2002ರ ಜುಲೈಯಲ್ಲಿ ಅರ್ಜಿ ಹಾಕಿ 2005ರ ಜುಲೈಯಲ್ಲಿ ಪೇಟೆಂಟು ಪಡೆಯಿತು.

2007ರಲ್ಲಿ ಟಿ.ವಿ.ಎಸ್. ಮೋಟಾರ್ ಸಂಸ್ಥೆ ‘ಫ್ಲೇಮ್’ ಎಂಬ ವಾಹನವನ್ನು ಎರಡು ಪ್ಲಗ್ಗಿನ ಎಂಜಿನ್ನಿನೊಡನೆ ಪ್ರಕಟಿಸಿತು. ಈ ಸಂಸ್ಥೆಯ ಕಾರ್ಖಾನೆಗಳು ಹೊಸೂರಿನಲ್ಲೂ ಮೈಸೂರಿನಲ್ಲೂ ಇರುವುದು ನಮ್ಮವರಿಗೆ ಗೊತ್ತೇ ಇದೆ. ತಮ್ಮ ಎಂಜಿನ್ನಿನಲ್ಲಿ ಮೂರು ವಾಲ್ವುಗಳಿವೆ, ಇದು ಬೇರೆಯೇ ತಂತ್ರ, ಎರಡು ಪ್ಲಗ್ಗು ಹಳೆಯ ವಿಷಯ ಎಂಬುದು ಅವರ ವಾದ. ಮದರಾಸು ಹೈಕೋರ್ಟಿನ ಏಕಸದಸ್ಯ ಪೀಠ 2008ರ ಫೆಬ್ರವರಿಯಲ್ಲಿ ಬಜಾಜಿನ ಪರ ತಡೆಯಾಜ್ಞೆ ಕೊಟ್ಟಿತು. ಟಿ.ವಿ.ಎಸ್. ಒಂದೇ ಪ್ಲಗ್ಗಿನ ಫ್ಲೇಮನ್ನು ಪೇಟೆಗೆ ಬಿಟ್ಟಿತು. 2009ರ ಮೇ ತಿಂಗಳಲ್ಲಿ ವಿಭಾಗೀಯ ಪೀಠ ತಡೆಯಾಜ್ಞೆ ತೆಗೆಯಿತು. ಅದೇ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು, ಮಾರಾಟ ನಡೆಯಲಿ, ಲೆಕ್ಕ ಸರಿಯಾಗಿ ಇಡಲಿ, ಇಂಥ ವ್ಯಾಜ್ಯಗಳು ಬೇಗ ತೀರಲಿ ಎಂದಿತು. ಬೇಗ ತೀರಲಿಲ್ಲ. 2019ರಲ್ಲಿ ಎರಡೂ ಸಂಸ್ಥೆಗಳು ರಾಜಿಯಾದವು. 2022ಕ್ಕೆ ಆ ಪೇಟೆಂಟಿನ 20 ವರ್ಷಗಳೇ ತುಂಬಿದವು!

ಅದೇ ಕಾಲದ ಇನ್ನೊಂದು ಪ್ರಸಂಗ ಮಧುರೆಯ ಒಬ್ಬ ಆವಿಷ್ಕಾರಕರದು. ಒಂದೇ ಮೊಬೈಲಿನಲ್ಲಿ ಎರಡು ಸಿಮ್ಮು ಬಳಸುವ ಏರ್ಪಾಡಿಗೆ ಅವರು 2002ರಲ್ಲಿ ಅರ್ಜಿ ಹಾಕಿ 2008ರಲ್ಲಿ ಪೇಟೆಂಟು ಪಡೆದು ದೊಡ್ಡ ದೊಡ್ಡ ಕಂಪನಿಗಳ ಎದುರು ನಿಂತರು. ಆದರೆ 2012ರಲ್ಲಿ, ಆಗ ಚೆನ್ನೈಯಲ್ಲಿದ್ದ ಬೌದ್ಧಿಕ ಸ್ವತ್ತಿನ ಮೇಲ್ಮನವಿ ಮಂಡಳಿ, ಇದಕ್ಕೆ ಮೊದಲೇ ಬೇರೆ ದಾಖಲೆಗಳಿವೆಯೆಂದು ಅದನ್ನು ರದ್ದುಮಾಡಿತು. ಆ ಮಂಡಳಿಯೂ 2021ರಲ್ಲಿ ರದ್ದಾಗಿ, ಅದರ ಕೆಲಸ ಹೈಕೋರ್ಟುಗಳಿಗೆ ಹೋಯಿತು. ಮದರಾಸು ಹೈಕೋರ್ಟಿನಲ್ಲಿ ಇದಕ್ಕಾಗಿ 2023ರಿಂದ ಪ್ರತ್ಯೇಕ ವಿಭಾಗವಿದೆ. ಪೇಟೆಂಟು ಸಿಕ್ಕಿತೆಂದರೆ ಮುಗಿಯಿತು ಎಂದುಕೊಳ್ಳುವಂತಿಲ್ಲ. ಎಲ್ಲೋ ಒಂದು ಮೂಲೆಯಲ್ಲಿರುವ ಹಳೆಯ ಕಾಗದ ಎದ್ದು ಬಂದು ಅದನ್ನು ಕೆಡವಬಹುದು.

ಓದುವವನ ಹಕ್ಕು

ಹಾಗಾದರೆ ಆ ಹಳೆಯ ಕಾಗದಗಳನ್ನು ನಾವೇ ಮೊದಲು ಓದಬಾರದೇಕೆ? ಕರಾರಿನ ಇನ್ನೊಂದು ಮಗ್ಗುಲು ಇದೇ. ಪೇಟೆಂಟು ಪಡೆದವನಿಗೆ 20 ವರ್ಷ ತಡೆಯುವ ಹಕ್ಕಾದರೆ, ನಮಗೆಲ್ಲ ಅಂದಿನಿಂದಲೇ ಓದುವ ಹಕ್ಕು. ನಮ್ಮ ದೇಶದ ಪೇಟೆಂಟು ಕಚೇರಿಯ ‘ಇನ್‌ಪಾಸ್’ ಎಂಬ ಹುಡುಕುತಾಣದಲ್ಲಿ, ಯುರೋಪಿನ ಕಚೇರಿಯ ‘ಎಸ್ಪೇಸ್‌ನೆಟ್’ನಲ್ಲಿ ಲಕ್ಷಾಂತರ ವಿವರಣ ಪತ್ರಗಳು ನಕ್ಷೆಸಮೇತ ಒಂದು ಕಾಸೂ ಕೊಡದೆ ಸಿಗುತ್ತವೆ. ಅವಧಿ ಮುಗಿದದ್ದನ್ನು ಓದುವುದಷ್ಟೇ ಅಲ್ಲ, ಹಾಗೆಯೇ ಮಾಡಿ ಮಾರಬಹುದು. ಭಾರತದಲ್ಲಿ ಪೇಟೆಂಟು ಪಡೆಯದ ವಿದೇಶಿ ಆವಿಷ್ಕಾರಕ್ಕೆ ಇಲ್ಲಿ ತಡೆಯುವ ಬಲವೂ ಇಲ್ಲ, ಏಕೆಂದರೆ ಪ್ರಪಂಚಕ್ಕೆಲ್ಲ ಸಲ್ಲುವ ಒಂದೇ ಪೇಟೆಂಟು ಎಂಬುದಿಲ್ಲ. ಆಯಾ ದೇಶದ್ದು ಆಯಾ ದೇಶಕ್ಕೆ.

ಸ್ನೇಹಿತರ ಸಂಗತಿ ನಡೆದು ಎಷ್ಟೋ ವರ್ಷಗಳ ಮೇಲೆ, ಹುಡುಕುವುದನ್ನು ಕಲಿತ ಮೇಲೆ, ನಾವು ಒಂದು ಸಂಜೆ ಅವರ ಮುಚ್ಚಳದ ಸ್ವಿಚ್ಚನ್ನೇ ಹುಡುಕಿದೆವು. ಮುಚ್ಚಳ ತೆಗೆದರೆ ಮೋಟಾರು ನಿಲ್ಲುವ ಏರ್ಪಾಡು ಬೇರೆ ಬೇರೆ ಯಂತ್ರಗಳಲ್ಲಿ ಅವರಿಗಿಂತ ಬಹಳ ಮೊದಲೇ ಇತ್ತು. ಅಂದು ಗಿಂಡಿಗೆ ಹೋಗಿದ್ದರೂ ಪೇಟೆಂಟು ಸಿಗುತ್ತಿತ್ತೋ ಇಲ್ಲವೋ! ಇದರಿಂದ ನಮ್ಮ ತಪ್ಪು ಹಗುರವಾಯಿತೆಂದು ಒಮ್ಮೆ ಅನಿಸಿತು. ಆಮೇಲೆ ಯೋಚಿಸಿದರೆ ಹಾಗಲ್ಲ. ಅಂದೇ ಹುಡುಕಿದ್ದರೆ ಅವರು ಎರಡರಲ್ಲಿ ಒಂದನ್ನು ತಿಳಿಯುತ್ತಿದ್ದರು. ತಮ್ಮ ಸ್ಪ್ರಿಂಗಿನ ಜೋಡಣೆಯಲ್ಲಿ, ಹಿಟ್ಟು ನೀರು ಒಳನುಗ್ಗದಂತೆ ಮಾಡಿದ ಬಗೆಯಲ್ಲಿ, ನಿಜವಾಗಿ ಹೊಸದೇನಿದೆ ಎಂದು ಕಂಡು ಅದಕ್ಕೇ ಅರ್ಜಿ ಹಾಕಬಹುದಿತ್ತು. ಅಥವಾ ಇದು ಎಲ್ಲರ ಸೊತ್ತು ಎಂದು ತಿಳಿದು, ಯಾರಿಗೂ ಹೆದರದೆ ತಾವೇ ಹತ್ತು ಹೋಟೆಲುಗಳಿಗೆ ಮಾಡಿಕೊಟ್ಟು ನಾಲ್ಕು ಕಾಸು ನೋಡಬಹುದಿತ್ತು. ಎರಡೂ ಆಗಲಿಲ್ಲ. ತಮ್ಮದನ್ನು ಯಾರೋ ಕದ್ದರು ಎಂಬ ಕೊರಗಿನಲ್ಲೇ ಅವರು ಊರಿಗೆ ಹಿಂತಿರುಗಿದರು.

ಒಂದು ಮಾತನ್ನು ಮಾತ್ರ ಅವರು ಹೊರಡುವ ದಿನ ಹೇಳಿದ್ದರು. ಮಾಡಿದವರು ಯಾರೇ ಆಗಲಿ, ಆ ಮುಚ್ಚಳ ಬಂದ ಮೇಲೆ ತಮ್ಮ ಹೋಟೆಲಿನಲ್ಲಿ ಯಾರ ಬೆರಳೂ ಹೋಗಲಿಲ್ಲ ಎಂದು.

ಆದುದರಿಂದ ವಾಚಕರಲ್ಲಿ ನಮ್ಮ ವಿಜ್ಞಾಪನೆ ಇಷ್ಟು. ಯಾರಿಗಾದರೂ ಹೊಸದೊಂದು ಹೊಳೆದರೆ ಅಂದೇ ಒಂದು ನೋಟುಬುಕ್ಕಿನಲ್ಲಿ ತಾರೀಕು ಹಾಕಿ, ಚಿತ್ರ ಬರೆದು ಇಡಿ. ಊರೆಲ್ಲ ಹೇಳಬೇಡಿ. ಮೊದಲು ಹುಡುಕಿ, ಓದಿ. ಆಮೇಲೆ ಗಿಂಡಿಯ ಯೋಚನೆ. ನಮ್ಮ ವಾಚನಾಲಯದಲ್ಲಿ ಕೇಳಿದರೆ ಹುಡುಕುವ ಕ್ರಮವನ್ನು ತೋರಿಸಿಕೊಡುತ್ತೇವೆ; ಇಂಗ್ಲಿಷಿನ ವಿವರಣೆಯನ್ನು ಕನ್ನಡದಲ್ಲಿ ಹೇಳಿಕೊಡುವವರೂ ಇದ್ದಾರೆ. ನಿಮ್ಮ ಯಂತ್ರದ ಗುಟ್ಟನ್ನು ನಮಗೆ ಹೇಳಬೇಕಾಗಿಲ್ಲ. ಯಾವ ಬಗೆಯ ಯಂತ್ರವೆಂದು ಹೇಳಿದರೆ ಸಾಕು. ಈ ಸಲ “ಕೇಳಿ ಹೇಳುತ್ತೇವೆ” ಎಂದು ಸುಮ್ಮನಾಗುವುದಿಲ್ಲ.